ತಂಗಡಿಗೂ ಬಾವಲಿಗೂ ಹೋಲಿಕೆ

ನಾನು ಚಿಕ್ಕವಳಿದ್ದಾಗ ಒಂದು ರವಿವಾರ ನಡೆದದ್ದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಕೆಲವು ವಿವರಗಳು ತಪ್ಪಾಗಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ದಿನ ಅಕ್ಕ ಉಟ್ಟ ಸೀರೆ ಹಸಿರೋ ನೀಲಿಯೋ ನನಗೆ ಗೊತ್ತಿಲ್ಲ. ಒಮ್ಮೆ ನೆನೆದರೆ ಹಸಿರು, ಇನ್ನೊಮ್ಮೆ ನೆನೆದರೆ ನೀಲಿ. ದಿನಚರಿ ಬರೆಯುವ ಅಭ್ಯಾಸ ನನಗೆ ಅಂಟಿದ್ದು ಧಾರವಾಡದಲ್ಲಿ ಎಂ.ಎ. ಓದುವಾಗ. ಅಷ್ಟರಲ್ಲಿ ಹನ್ನೆರಡು ವರ್ಷ ಕಳೆದಿತ್ತು. ಮನಸ್ಸಿನಲ್ಲೇ ತಿರುವಿ ತಿರುವಿ ಹೊಳೆಯ ಕಲ್ಲಿನಂತೆ ನುಣುಪಾಗಿದ್ದ ಕಥೆಯನ್ನು ನಾನು ಅಲ್ಲಿ ಬರೆದಿಟ್ಟೆ. ಅದು ಮೊದಲು ಎಷ್ಟು ಒರಟಾಗಿತ್ತೋ ಈಗ ಹೇಳಲಾರೆ. ಗೊತ್ತಿರುವುದನ್ನು ಹೇಳುತ್ತೇನೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎನ್ನುತ್ತೇನೆ.

ನಮ್ಮ ಮನೆ ಇದ್ದದ್ದು ಐಹೊಳೆಯಲ್ಲಿ. ಅಲ್ಲಿ ಆಗ ಹಳೆಯ ಗುಡಿಗಳಿಗೂ ಮನೆಗಳಿಗೂ ನಡುವೆ ತಂತಿ ಬೇಲಿ ಇರಲಿಲ್ಲ. ನಮ್ಮ ಹಿತ್ತಲಿನ ಗೋಡೆಯೆಂದರೆ ಒಂದು ಗುಡಿಯ ಬೆನ್ನು. ಅವ್ವ ಅದರ ಮೇಲೆ ಸಗಣಿಯ ಕುಳ್ಳು ತಟ್ಟುತ್ತಿದ್ದಳು. ಕುಳ್ಳುಗಳ ನಡುವಿನಿಂದ ಕಲ್ಲಿನ ಮುಖವೊಂದು ಇಣುಕುತ್ತಿತ್ತು. ಅದರ ಮೂಗು ಮುರಿದಿತ್ತು. ಅಪ್ಪ ಜೋಳದ ಹೊಲ ಮಾಡುತ್ತಿದ್ದ. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಮನೆಯಲ್ಲಿ ನಾವು ನಾಲ್ಕೇ ಜನ, ಜೊತೆಗೆ ಒಂದು ಗುಟ್ಟು.

ಗುಟ್ಟು ಅಕ್ಕನ ಕಣ್ಣಿನದು. ಹಗಲು ಹೊತ್ತು ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುವ ಅಕ್ಕನಿಗೆ ಹೊತ್ತು ಮುಳುಗಿತೆಂದರೆ ಎದುರಿಗಿದ್ದ ಕಂಬವೂ ಕಾಣುತ್ತಿರಲಿಲ್ಲ. ಇರುಳುಗಣ್ಣು ಎನ್ನುತ್ತಾರೆ ಅದಕ್ಕೆ. ಅಪ್ಪ ಅವಳನ್ನು ಬಾಗಲಕೋಟೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ, ಜೇನಿನ ಬಣ್ಣದ ಗುಳಿಗೆ ತಂದಿದ್ದ. ಅದರೊಳಗೆ ಇರುವುದು ಮೀನೆಣ್ಣೆ ಎಂದು ಗೊತ್ತಾದ ದಿನ ಅವ್ವ ಶೀಶೆಯನ್ನು ಬಟ್ಟೆಯಲ್ಲಿ ಸುತ್ತಿ ಹೊರಗಿನ ಗೂಡಿನಲ್ಲಿ ಇಟ್ಟಳು. ಕೊರಳಲ್ಲಿ ಲಿಂಗ ಇದ್ದವರ ಹೊಟ್ಟೆಗೆ ಅದು ಇಳಿಯುವುದಾದರೂ ಹೇಗೆ? ಅದರ ಬದಲು ಅವಳು ಆವರಿಕೆ ಎಂದೂ ಕರೆಯುವ ತಂಗಡಿ ಹೂವಿನ ರಸದಲ್ಲಿ ಅರಿವೆ ಅದ್ದಿ, ಒಣಗಿಸಿ, ಬತ್ತಿ ಹೊಸೆದು, ಔಡಲೆಣ್ಣೆಯಲ್ಲಿ ಉರಿಸಿ ಕಾಡಿಗೆ ಹಿಡಿಯುತ್ತಿದ್ದಳು. ದಿನಾ ಮಲಗುವಾಗ ಅದನ್ನು ಅಕ್ಕನ ಕಣ್ಣಿಗೆ ಹಚ್ಚುತ್ತಿದ್ದಳು. ಅಕ್ಕನ ಕಣ್ಣು ಬಹಳ ಚೆಂದ ಕಾಣುತ್ತಿದ್ದವು. ಅವಕ್ಕೆ ಮಾತ್ರ ಏನೂ ಕಾಣುತ್ತಿರಲಿಲ್ಲ.

ಸಂಜೆಯಾದ ಮೇಲೆ ಮನೆಯೊಳಗೆ ಓಡಾಡುವಾಗ ಅಕ್ಕ ನಾಲಿಗೆಯಿಂದ ಟಕ್ ಟಕ್ ಎಂದು ಸಪ್ಪಳ ಮಾಡುತ್ತಿದ್ದಳು. ಅವ್ವನಿಗೆ ಅದು ಸೇರುತ್ತಿರಲಿಲ್ಲ.

“ಮನಿಯಾಗ ಏನ್ ಎತ್ತು ಹೊಡಿಯಾಕತ್ತೀಯೇನ? ಬಾಯಿ ಮುಚ್ಚಿ ನಡಿ.”

“ಮುಚ್ಚಿದ್ರ ಗ್ವಾಡಿಗೆ ಹಾಯತೇನಿ ನೋಡಬೇ,” ಎಂದು ಅಕ್ಕ ನಗುತ್ತಿದ್ದಳು.

ಅವಳು ತಮಾಷೆ ಮಾಡುತ್ತಿದ್ದಾಳೆ ಎಂದು ಆಗ ನಾವೆಲ್ಲ ತಿಳಿದಿದ್ದೆವು.

ನಮ್ಮ ಶಾಲೆಯ ಮಾಸ್ತರರ ಬಳಿ ಎರಡು ಡಬ್ಬಿಗಳಿದ್ದವು. ಒಂದರಲ್ಲಿ ಗಿಡಗಳ ಹೆಸರು ಬರೆದ ಚೀಟಿಗಳು, ಇನ್ನೊಂದರಲ್ಲಿ ಪ್ರಾಣಿಗಳದು. ಶನಿವಾರ ನಾವು ಎರಡು ಕೈಯನ್ನೂ ಎರಡು ಡಬ್ಬಿಗೆ ಹಾಕಿ ಒಂದೊಂದು ಚೀಟಿ ಎತ್ತಬೇಕು. ಬಂದ ಗಿಡಕ್ಕೂ ಬಂದ ಪ್ರಾಣಿಗೂ ಹೋಲಿಕೆ ಬರೆದುಕೊಂಡು ಸೋಮವಾರ ತರಬೇಕು. ಅವರ ನಿಯಮ ಎರಡೇ. ಕಣ್ಣಾರೆ ನೋಡಿ ಬರೆಯಬೇಕು. ಪ್ರತಿ ಮಾತಿಗೂ ಮನೆಯಲ್ಲಿ ಕಂಡ ಒಂದು ಉದಾಹರಣೆ ಕೊಡಬೇಕು. ಉಳಿದವರಿಗೆ ಬೇವು ಮತ್ತು ಎಮ್ಮೆ, ಬದನೆ ಮತ್ತು ಬೆಕ್ಕು ಬಂದವು. ನನ್ನ ಎಡಗೈಯಲ್ಲಿ ‘ತಂಗಡಿ’ ಇತ್ತು, ಬಲಗೈಯಲ್ಲಿ ‘ಬಾವಲಿ’.

“ಬಾವಲಿ ನೋಡಾಕ ಕಾಲು ಮ್ಯಾಲ ಮಾಡಿ ನಿಂದರಬೇಕಾಕ್ಕೈತಿ ನೋಡವಾ,” ಎಂದರು ಮಾಸ್ತರರು. ತರಗತಿಯೆಲ್ಲ ನಕ್ಕಿತು.

ಅದೇ ರವಿವಾರ ಮಧ್ಯಾಹ್ನ ಇಳಕಲ್ಲಿನಿಂದ ಅಕ್ಕನನ್ನು ನೋಡಲು ಬರುವವರಿದ್ದರು. ಹುಡುಗನ ತಂದೆಗೆ ಅಲ್ಲಿ ಸೀರೆ ಅಂಗಡಿ ಇತ್ತು. ಅವ್ವ ಎಲ್ಲವನ್ನೂ ಹೊತ್ತಿಗೆ ಹೊಂದಿಸಿದ್ದಳು. ಹನ್ನೆರಡರ ಬಸ್ಸಿಗೆ ಬರುವುದು, ಊಟ ಮಾಡುವುದು, ಹುಡುಗಿಯನ್ನು ನೋಡುವುದು, ನಾಲ್ಕರ ಬಸ್ಸಿಗೆ ಹೋಗುವುದು. ಬೆಳಕಿರುವಾಗ ಬಂದು ಬೆಳಕಿರುವಾಗ ಹೋದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಅದಕ್ಕೂ ಮುಂಚೆ ಎರಡು ಸಂಬಂಧಗಳು ಯಾವ ಕಾರಣವನ್ನೂ ಹೇಳದೆ ತಪ್ಪಿಹೋಗಿದ್ದವು. ಇದು ಮೂರನೆಯದು.

ಮುಂಜಾನೆ ಅಕ್ಕ ನನ್ನನ್ನು ಕರೆದುಕೊಂಡು ಹೊರಟಳು. ಕಾಡಿಗೆಗೆ ಹೂವು ಬೇಕಾಗಿತ್ತು, ನನಗೆ ಹೋಲಿಕೆ ಬೇಕಾಗಿತ್ತು. ಊರಾಚೆ ಗುಡ್ಡದ ಬುಡದಲ್ಲಿ ಪಾಳು ಗುಡಿಯೊಂದಿತ್ತು. ಅದರ ಸುತ್ತ ತಂಗಡಿ ದಟ್ಟವಾಗಿ ಬೆಳೆದಿತ್ತು. ಒಳಗೆ ಬಾವಲಿಗಳಿದ್ದವು. ದೇವರು ಯಾವುದಿತ್ತೋ ಯಾರಿಗೂ ನೆನಪಿರಲಿಲ್ಲ. ಬಾವಲಿ ಗುಡಿ ಎಂದೇ ಎಲ್ಲರೂ ಕರೆಯುತ್ತಿದ್ದರು.

ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ತಂಗಡಿಯ ಹಳದಿ ಹೂವು ಗೊಂಚಲು ಗೊಂಚಲಾಗಿ ಅರಳಿದ್ದವು. ಅವುಗಳ ನಡುವೆ ಕಳೆದ ಸಲದ ಒಣ ಕಾಯಿಗಳು ಕೆಳಮುಖವಾಗಿ ತೂಗುತ್ತಿದ್ದವು. ತೆಳ್ಳಗೆ, ಚಪ್ಪಟೆಯಾಗಿ, ಕಂದು ಬಣ್ಣದವು. ಗಾಳಿ ಬಂದಾಗ ಗಿಲಕಿಯಂತೆ ಸದ್ದು ಮಾಡುತ್ತಿದ್ದವು. ದನಗಳು ಆ ಗಿಡಕ್ಕೆ ಬಾಯಿ ಹಾಕದೆ ಬಳಸಿ ಹೋಗುತ್ತಿದ್ದವು. ಅಕ್ಕ ಉಡಿಯಲ್ಲಿ ಹೂವು ತುಂಬಿಕೊಳ್ಳುತ್ತ ನನಗೆ ಹೇಳಿಕೊಡುತ್ತಿದ್ದಳು.

“ಇದರ ತೊಗಟಿ ಹಾಕಿ ತೊಗಲು ಹದಾ ಮಾಡ್ತಾರ, ಬರಕೋ. ಮತ್ತ ಸಂಜಿ ಆತಂದ್ರ ಎಲಿ ಮಡಚಿಕೊಂಡು ಮಲಗತೈತಿ. ಥೇಟ್ ನನ್ನಂಗ.”

“ಬಾವಲಿ?”

“ಬಾವಲಿ ಆವಾಗ ಏಳತೈತಿ. ಅದಕ್ಕ ಕಣ್ಣಿನ ಕೆಲಸನ ಇಲ್ಲ.”

ಗುಡಿಯ ಮುಂಬಾಗಿಲು ಕಲ್ಲು ಕುಸಿದು ಮುಚ್ಚಿತ್ತು. ಪಕ್ಕದ ಸಂದಿಯಲ್ಲಿ ನುಸುಳಿ ಎಡಕ್ಕೆ ತಿರುಗಬೇಕು. ತಿರುಗಿದ ಕೂಡಲೇ ಬೆಳಕು ಬೆನ್ನ ಹಿಂದೆ ಉಳಿದುಬಿಡುತ್ತದೆ. ಅಕ್ಕ ಸಂದಿಯ ಹತ್ತಿರವೇ ನಿಂತಳು.

“ಒಳಗಿನ ಕತ್ತಲಿ ನನಗ ರಾತ್ರಿ ಇದ್ದಂಗ. ನಾ ಬರೂದಿಲ್ಲ. ನೀ ತಿರುವಿನ ತನಕ ಹೋಗಿ ನೋಡಿ ಬಾ. ಮುಂದ ಹೋಗಬ್ಯಾಡ. ನಿಧಿ ಹುಡುಕಾವರು ಗುಂಡಿ ತೋಡ್ಯಾರ.”

ನಾನು ಮುಂದೆ ಹೋದೆ. ನನ್ನ ಹತ್ತಿರ ಕಡ್ಡಿಪೆಟ್ಟಿಗೆ ಇತ್ತು, ಅದರಲ್ಲಿ ಮೂರು ಕಡ್ಡಿ. ಮೂರು ಎಂಬುದು ನನಗೆ ಚೆನ್ನಾಗಿ ನೆನಪಿದೆ ಎಂದು ಬರೆಯಲು ಹೊರಟಿದ್ದೆ. ಕಥೆಗಳಲ್ಲೆಲ್ಲ ಮೂರೇ ಇರುತ್ತವೆ, ಆದ್ದರಿಂದ ಅದನ್ನೂ ಅನುಮಾನಿಸುತ್ತೇನೆ.

ಮೊದಲು ಬಂದದ್ದು ವಾಸನೆ. ಹುಳಿಯೇರಿದ ಹಣ್ಣು, ಹಳೆಯ ಗಂಜಲ, ಒದ್ದೆ ಮಣ್ಣು ಎಲ್ಲ ಕಲೆತಂತಿತ್ತು. ಕಾಲ ಕೆಳಗೆ ನೆಲ ಮೆತ್ತಗಿತ್ತು, ತೌಡಿನ ರಾಶಿಯ ಮೇಲೆ ನಡೆದ ಹಾಗೆ. ಮೊದಲ ಕಡ್ಡಿ ಗೀರಿದಾಗ ಚಾವಣಿ ಕಾಣಲಿಲ್ಲ. ಚಾವಣಿಯ ಜಾಗದಲ್ಲಿ ಏನೋ ಉಸಿರಾಡುತ್ತಿತ್ತು. ಎರಡನೆಯ ಕಡ್ಡಿಗೆ ಒಂದು ಮುಖ ಕಂಡಿತು. ನಾಯಿಮರಿಯ ಮುಖ, ದೊಡ್ಡ ಕಣ್ಣು, ಕೆಂಪು ಹೊಳಪು. ಅದು ರೆಕ್ಕೆಯನ್ನು ಶಾಲಿನಂತೆ ಹೊದ್ದು, ಎದೆಗೆ ಮರಿಯೊಂದನ್ನು ಅಪ್ಪಿಕೊಂಡಿತ್ತು. ನನ್ನನ್ನೇ ನೋಡುತ್ತಿತ್ತು. ಮೂರನೆಯ ಕಡ್ಡಿ ಬೆರಳು ಸುಟ್ಟಿತು. ನಾನು ಚೀರಿದೆ.

ಇಡೀ ಗುಡಿ ಎದ್ದಿತು. ಸಾವಿರ ಒದ್ದೆ ಬಟ್ಟೆಗಳನ್ನು ಒಮ್ಮೆಲೇ ಒದರಿದಂಥ ಸದ್ದು. ಮುಖಕ್ಕೆ ಗಾಳಿ ಬಡಿಯಿತು, ಕೂದಲಿಗೆ ಏನೋ ತಾಗಿತು. ನಾನು ಓಡಿದೆ. ಯಾವ ಕಡೆಗೆ ಎಂದು ಗೊತ್ತಿಲ್ಲ. ನೆಲ ಇರಬೇಕಾದಲ್ಲಿ ನೆಲ ಇರಲಿಲ್ಲ.

ಗುಂಡಿ ನನ್ನ ತಲೆಗಿಂತ ಆಳವಾಗಿತ್ತು. ಮೊಳಕಾಲು ತರಚಿತ್ತು. “ಅಕ್ಕಾ” ಎಂದು ಕೂಗಿದೆ. ಗುಡಿಯೂ “ಅಕ್ಕಾ” ಎಂದಿತು. ಆಮೇಲೆ ನಿಧಾನವಾಗಿ ಎಲ್ಲ ಸುಮ್ಮನಾಯಿತು. ಬಾವಲಿಗಳು ಒಂದೊಂದಾಗಿ ತಿರುಗಿ ಬಂದು ನೇತುಬಿದ್ದವು. ಆಗ ಕೇಳಿಸಿತು: ಟಕ್ ಟಕ್. ಮೇಲಿನಿಂದ, ತೀರ ಸಣ್ಣ ಸಪ್ಪಳ. ಬಾವಲಿಗಳಲ್ಲಿ ಒಂದು ಜಾತಿ ಕತ್ತಲೆಯಲ್ಲಿ ನಾಲಿಗೆಯಿಂದ ಹೀಗೆ ಸದ್ದು ಮಾಡಿ, ಗೋಡೆಗೆ ತಗಲಿ ಮರಳುವ ದನಿಯಿಂದ ದಾರಿ ತಿಳಿಯುತ್ತದೆ ಎಂದು ನಾನು ಎಷ್ಟೋ ವರ್ಷಗಳ ಮೇಲೆ ಓದಿದೆ. ಆ ದಿನ ನನಗೆ ಅದೇನೂ ಗೊತ್ತಿರಲಿಲ್ಲ. ಮೇಲಿನ ಸಪ್ಪಳದ ಜೊತೆ ಇನ್ನೊಂದು ಸಪ್ಪಳ ಇತ್ತು ಎಂಬುದಷ್ಟೇ ಗೊತ್ತು. ಅದು ನೆಲದ ಮಟ್ಟದಲ್ಲಿತ್ತು, ದಪ್ಪಗಿತ್ತು, ನಿಧಾನವಾಗಿತ್ತು. ಟಕ್. ಸ್ವಲ್ಪ ಸರಿಯಿತು. ಟಕ್ ಟಕ್. ನಿಂತಿತು. ಕಂಬವನ್ನು ಬಳಸಿ ಬಂದಿರಬೇಕು. ಗುಂಡಿಯ ಅಂಚಿಗೆ ಬಂದು ಮತ್ತೆ ನಿಂತಿತು.

ಕೈಯೊಂದು ಇಳಿದು ಬಂತು. ತಡಕಾಡಲಿಲ್ಲ. ಮೊದಲ ಸಲಕ್ಕೇ ನನ್ನ ಮಣಿಕಟ್ಟು ಹಿಡಿದು ಮೇಲೆಳೆಯಿತು. ತಣ್ಣಗಿತ್ತು. ಬಳೆಯ ಸಪ್ಪಳ ಕೇಳಿದ ನೆನಪಿಲ್ಲ. ಒಂದು ಮಾತೂ ಇಲ್ಲ. ಅದು ಮುಂದೆ, ನಾನು ಹಿಂದೆ. ನನ್ನ ಹೆಗಲು ಒಂದು ಕಂಬಕ್ಕೆ ಬಡಿಯಿತು. ನನ್ನನ್ನು ಕರೆದೊಯ್ಯುತ್ತಿದ್ದವರಿಗೆ ಯಾವುದೂ ಬಡಿಯಲಿಲ್ಲ. ತಿರುವಿನಲ್ಲಿ ಬೆಳಕು ಕಣ್ಣಿಗೆ ಹೊಡೆಯಿತು. ನಾನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡೆ. ಹಾಗೆ ಎಷ್ಟು ಹೊತ್ತು ನಿಂತಿದ್ದೆ? ಒಂದು ಕ್ಷಣವೋ, ಇಪ್ಪತ್ತು ಎಣಿಸುವಷ್ಟೋ. ಎಲ್ಲವೂ ನಿಂತಿರುವುದು ಅದರ ಮೇಲೆಯೇ, ನನಗೆ ನೆನಪಿಲ್ಲದಿರುವುದೂ ಅದೇ.

ಹೊರಗೆ ಬಂದಾಗ ಅಕ್ಕ ತಂಗಡಿ ಗಿಡದ ಬುಡದಲ್ಲಿ ಕುಳಿತು ಹೂವಿನ ತೊಟ್ಟು ಬಿಡಿಸುತ್ತಿದ್ದಳು.

“ಎಷ್ಟೊತ್ತ ಮಾಡಿದಿ? ಏನ್ ಬಾವಲಿ ಕೂಡ ಮಾತಾಡಕೋತ ಕುಂತಿದ್ದೆನ?”

“ನೀ ಒಳಗ ಬಂದಿದ್ದೆಲ್ಲ?”

“ನಾನೇನ ಹುಚ್ಚೀನ? ಒಳಗ ನನಗೇನ ಕಾಣತೈತಿ?”

ಅವಳು ಸೆರಗಿನಿಂದ ನನ್ನ ಮೊಳಕಾಲು ಒರೆಸಿದಳು. ಅವಳ ಕೈ ಬೆಚ್ಚಗಿತ್ತು. ಬಿಸಿಲಿನಲ್ಲಿ ಕುಳಿತವರ ಕೈ ಬೆಚ್ಚಗಿರಲೇಬೇಕು. ನೋಡಲು ಬರುವವರಿದ್ದರೆಂದು ಅವ್ವ ಹಿಂದಿನ ದಿನ ಅವಳಿಗೆ ಹಸಿರು ಗಾಜಿನ ಹೊಸ ಬಳೆ ಇಡಿಸಿದ್ದಳು. ಅವು ಸದ್ದಾಗದ ಹಾಗೆ ಮೊಳಕೈ ತನಕ ಬಿಗಿಯಾಗಿ ಸರಿದಿದ್ದವು. ನಾನು ನೋಡುವುದನ್ನು ಕಂಡು ಅವಳು ಅವನ್ನು ಕೆಳಗಿಳಿಸಿದಳು.

“ಗಿಡಕ್ಕ ಸಿಗತಾವಂತ ಮ್ಯಾಲ ಮಾಡಿದ್ದೆ,” ಎಂದಳು. ನಾನು ಕೇಳಿಯೇ ಇರಲಿಲ್ಲ.

ಮನೆಗೆ ಬಂದು ಮಧ್ಯಾಹ್ನ ನಾನು ಹೋಲಿಕೆ ಬರೆದೆ. ಹನ್ನೆರಡರ ಬಸ್ಸು ಬಂತು, ಅದರಲ್ಲಿ ಇಳಕಲ್ಲಿನವರು ಇರಲಿಲ್ಲ. ಅವ್ವ ಹೊರಗೂ ಒಳಗೂ ಓಡಾಡುತ್ತಿದ್ದಳು. ನಾನು ಪಡಸಾಲೆಯಲ್ಲಿ ಬೋರಲು ಮಲಗಿ ಬರೆಯುತ್ತಿದ್ದೆ. ತಂಗಡಿಯ ಕಾಯಿ ಕೆಳಮುಖವಾಗಿ ತೂಗುತ್ತದೆ, ಬಾವಲಿಯೂ ತೂಗುತ್ತದೆ, ನಮ್ಮ ಮನೆಯ ನೆಲುವಿನ ಹಾಗೆ. ತಂಗಡಿಯಿಂದ ತೊಗಲು ಹದ ಮಾಡುತ್ತಾರೆ, ಬಾವಲಿಯ ರೆಕ್ಕೆಯೇ ತೊಗಲು, ನಮ್ಮ ಅಪ್ಪನ ಚಪ್ಪಲಿಯ ಹಾಗೆ. ಸಂಜೆಯಾದರೆ ತಂಗಡಿ ಎಲೆ ಮುಚ್ಚುತ್ತದೆ, ನಮ್ಮ ಅಕ್ಕನ ಕಣ್ಣಿನ ಹಾಗೆ. ಬಾವಲಿ ಕತ್ತಲೆಯಲ್ಲಿ ಟಕ್ ಟಕ್ ಎಂದು ಸಪ್ಪಳ ಮಾಡುತ್ತದೆ, ಎಲ್ಲಿಯೂ ಹಾಯದೆ ಓಡಾಡುತ್ತದೆ, ನಮ್ಮ ಅಕ್ಕನ ಹಾಗೆ.

ಪ್ರತಿ ಮಾತಿಗೂ ಮನೆಯ ಉದಾಹರಣೆ ಬೇಕೆಂದು ಮಾಸ್ತರರು ಹೇಳಿದ್ದರಲ್ಲ. ನಾನು ಹೇಳಿದ ಹಾಗೆ ಮಾಡಿದ್ದೆ.

ಅವರು ಬಂದಾಗ ಹೊತ್ತು ಮುಳುಗಿತ್ತು. ಹನ್ನೆರಡರ ಬಸ್ಸು ತಪ್ಪಿ, ಹತ್ತಿದ ಮುಂದಿನ ಬಸ್ಸು ಹುನಗುಂದ ದಾಟಿದ ಮೇಲೆ ಕೆಟ್ಟು ನಿಂತಿತ್ತಂತೆ. ಹುಡುಗನ ತಂದೆ, ತಾಯಿ ಇಬ್ಬರೇ ಬಂದಿದ್ದರು. ತಂದೆಯ ಹಣೆಯ ತುಂಬ ವಿಭೂತಿ, ಮೆಲ್ಲನೆಯ ಮಾತು. ಅವ್ವ ಅಡುಗೆಮನೆಯಲ್ಲಿ ಚಿಮಣಿ ದೀಪ ಹಚ್ಚಿಕೊಂಡು, ಅಕ್ಕನ ಮುಂದೆ ತಾನು ನಡೆಯುವುದೆಂದು ಗೊತ್ತುಮಾಡಿದಳು. ಅಪ್ಪ ಪಡಸಾಲೆಯಲ್ಲಿ ಕಂದೀಲಿನ ಬತ್ತಿಯನ್ನು ಆದಷ್ಟು ಮೇಲೆತ್ತಿ ಇಟ್ಟ.

“ಏನ ಬರಿಯಾಕತ್ತಿ ತಂಗಿ? ತಾ ಇಲ್ಲೆ, ನೋಡೂಣು ನಿನ್ನ ಅಕ್ಷರಾ,” ಎಂದರು ಆ ಹಿರಿಯರು.

ನಾನು ಹೆಮ್ಮೆಯಿಂದ ವಹಿ ಕೊಟ್ಟೆ. ಅವರು ಮೊದಲಿನ ಎರಡನ್ನು ಗಟ್ಟಿಯಾಗಿ ಓದಿದರು.

“ಅಪ್ಪನ ಚಪ್ಪಲಿ ಹಾಂಗಂತ. ಕೇಳಿದ್ರೇನ್ರಿ?” ಎಂದು ಅಪ್ಪನ ಕಡೆ ನೋಡಿ ನಕ್ಕರು. ಅಪ್ಪನೂ ನಕ್ಕ. ಮೂರನೆಯದನ್ನು ಅವರು ಗಟ್ಟಿಯಾಗಿ ಓದಲಿಲ್ಲ. ನಾಲ್ಕನೆಯದನ್ನು ಎರಡು ಸಲ ಓದಿದರೆಂದು ತೋರುತ್ತದೆ. ಕಣ್ಣು ಸಾಲಿನ ಕೊನೆಗೆ ಹೋಗಿ ಮತ್ತೆ ಮೊದಲಿಗೆ ಬಂದವು. ವಹಿ ಮುಚ್ಚಿ ನನ್ನ ಕೈಗೆ ಕೊಟ್ಟರು.

“ಭಾಳ ಶ್ಯಾಣ್ಯಾಕಿ ಅದಾಳ ನಿಮ್ಮ ಮಗಳು. ಕಂದೀಲ ಒಂಚೂರು ಸಣ್ಣ ಮಾಡ್ರಿ. ಕಣ್ಣಿಗೆ ಹೊಡಿಯಾಕತ್ತೈತಿ.”

ಅಪ್ಪನ ಕೈ ಏಳಲಿಲ್ಲ. ಹಿರಿಯರು ತಾವೇ ಬಾಗಿ ಬತ್ತಿ ಇಳಿಸಿದರು. ಪಡಸಾಲೆ ಮುಖ ಗುರುತು ಸಿಗದಷ್ಟು ಕತ್ತಲಾಯಿತು. ತಾವು ಚಹಾದ ಕಪ್ಪು ಇಟ್ಟುಕೊಳ್ಳಬೇಕಾಗಿದ್ದ ಸ್ಟೂಲನ್ನು ಅವರು ಕಾಲಿನಿಂದ ಮೆಲ್ಲಗೆ ನಡುದಾರಿಗೆ ಸರಿಸಿದರು. ಕಲ್ಲುನೆಲದ ಮೇಲೆ ಅದು ಕಿರ್ ಎಂದಿತು. ಅಷ್ಟರಲ್ಲಿ ಅವ್ವ ಚಿಮಣಿ ಹಿಡಿದು ಬಾಗಿಲಿಗೆ ಬಂದಳು.

“ನೀವು ಕುಂದರ್ರಿ ಅಕ್ಕಾರ. ದೀಪಾ ಅಲ್ಲೇ ಇಡ್ರಿ. ಹುಡುಗಿ ಒಬ್ಬಾಕೀನ ತರ್ತಾಳ,” ಎಂದರು ಹುಡುಗನ ತಾಯಿ. ಅವರಿಗೆ ವಹಿಯ ಸಂಗತಿ ಗೊತ್ತಿರಲಿಲ್ಲ. ಅವ್ವ ಕುಳಿತಳು, ಬಿದ್ದಳು ಎಂದರೂ ಸರಿ.

ನನಗೆ ಆಗ ಅರ್ಥವಾಯಿತು. ಪೂರ್ತಿ ಅಲ್ಲ. ನಾನು ಏನೋ ಕೆಟ್ಟದ್ದು ಮಾಡಿದ್ದೇನೆ ಎನ್ನುವಷ್ಟು.

ನಡುಮನೆಯ ಕತ್ತಲೆಯಿಂದ ಮೊದಲು ಸಪ್ಪಳ ಬಂತು. ಟಕ್. ಸ್ವಲ್ಪ ತಡೆದು, ಟಕ್ ಟಕ್. ಮುಂಜಾನೆ ಗುಡಿಯಲ್ಲಿ ಕೇಳಿದ ಸಪ್ಪಳವೇ, ಅಷ್ಟೇ ದಪ್ಪ, ಅಷ್ಟೇ ನಿಧಾನ. ಅಥವಾ ನನ್ನ ಅಂಜಿಕೆ ಎರಡನ್ನೂ ಒಂದು ಮಾಡಿತೋ. ಅಕ್ಕ ತಟ್ಟೆ ಹಿಡಿದು ಹೊಸ್ತಿಲು ದಾಟಿದಳು. ಅವಳ ಮುಖ ನಮ್ಮ ಕಡೆ ಇರಲಿಲ್ಲ, ಸ್ವಲ್ಪ ಓರೆಯಾಗಿ ಜಂತಿಯ ಕಡೆಗಿತ್ತು. ಕಾಡಿಗೆ ತುಂಬಿದ ಕಣ್ಣು ತೆರೆದಿದ್ದವು, ಯಾರನ್ನೂ ನೋಡುತ್ತಿರಲಿಲ್ಲ. ಸ್ಟೂಲಿಗೆ ಒಂದು ಮೊಳ ಇದೆ ಎನ್ನುವಾಗ ನಿಂತಳು. ಟಕ್. ಎಡಕ್ಕೆ ಬಳಸಿ ಬಂದು ಹಿರಿಯರ ಎದುರು ಸರಿಯಾಗಿ ಬಾಗಿದಳು. ಒಂದು ಹನಿ ಚೆಲ್ಲಲಿಲ್ಲ. ಬಳೆಗಳು ಮೊಳಕೈ ತನಕ ಸರಿದಿದ್ದವು.

ಅದೇ ಹೊತ್ತಿಗೆ ಜಂತಿಯ ಸಂದಿಯಿಂದ ಬಾವಲಿಯೊಂದು ಇಳಿದು ಎಲ್ಲರ ತಲೆಯ ಮೇಲೆ ಒಂದು ಸುತ್ತು ಹಾರಿ ಹೋಯಿತು, ಅಕ್ಕನ ಹೊರತು ಎಲ್ಲರೂ ತಲೆ ತಗ್ಗಿಸಿದೆವು ಎಂದು ನನಗೆ ನೆನಪಿದೆ. ಇದನ್ನು ನಾನು ಆಮೇಲೆ ಸೇರಿಸಿಕೊಂಡಿರಬೇಕು. ಧಾರವಾಡದ ದಿನಚರಿಯಲ್ಲಿ ಈ ಸಾಲು ಬರೆದು ಹೊಡೆದುಹಾಕಿದ್ದೇನೆ. ಯಾಕೆ ಹೊಡೆದುಹಾಕಿದೆನೆಂದು ಬರೆದಿಲ್ಲ.

ಹುಡುಗನ ತಾಯಿ ಕಪ್ಪಿನತ್ತ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

“ತಗೋರಿ,” ಎಂದಳು ಅಕ್ಕ ಮೆಲ್ಲಗೆ. “ಆರಿ ಹೋಗತೈತಿ.”

ಎಂಟು ದಿನಕ್ಕೆ ಇಳಕಲ್ಲಿನಿಂದ ಹೇಳಿಕಳಿಸಿದರು. ಕಣ್ಣು ಕಾಣದಿದ್ದರೆ ಹೇಗೋ ನಡೆಯುತ್ತಿತ್ತು, ಕಣ್ಣು ಕಾಣದೆಯೂ ನಡೆಯುವವಳೆಂದರೆ ಮನೆಯ ಹೆಣ್ಣುಮಕ್ಕಳು ಅಂಜುತ್ತಾರೆ ಎಂದು. ಆ ಮಾತು ಹುನಗುಂದದ ಸಂತೆಗೂ ಹೋಗಿ ಬಂತು. ಆಮೇಲೆ ಯಾರೂ ಅಕ್ಕನನ್ನು ನೋಡಲು ಬರಲಿಲ್ಲ. ಅವ್ವ ಕಾಡಿಗೆ ಹಿಡಿಯುವುದನ್ನು ಬಿಟ್ಟಳು. ಗೂಡಿನಲ್ಲಿದ್ದ ಶೀಶೆಯನ್ನು ಒಂದು ದಿನ ಹೊರಗೆ ತೆಗೆದಳಂತೆ. ಗುಳಿಗೆಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದವಂತೆ. ನನ್ನನ್ನು ಯಾರೂ ಬೈಯಲಿಲ್ಲ. ಸೋಮವಾರ ಮಾಸ್ತರರು ನನ್ನ ವಹಿಯ ಮೇಲೆ ಕೆಂಪು ಶಾಯಿಯಲ್ಲಿ ‘ಭೇಷ್’ ಎಂದು ಬರೆದರು.

ಅಕ್ಕ ಹಗಲಿನ ಬೆಳಕಿನಲ್ಲಿ ಕೌದಿ ಹೊಲಿದು ಬದುಕಿದಳು. ಅವಳು ಹೊಲಿದ ಕೌದಿಗಳು ಊರಿನ ಎಲ್ಲ ಬಾಣಂತಿಯರ ಮನೆಗೆ ಹೋದವು. ಈಗ ಅವಳು ನವನಗರದಲ್ಲಿ ನಮ್ಮ ಜೊತೆ ಇದ್ದಾಳೆ. ಹಗಲಿನ ಕಣ್ಣೂ ಹೋಗಿದೆ. ನನ್ನ ಮೊಮ್ಮಕ್ಕಳು ಕತ್ತಲೆಯನ್ನು ಸರಿಯಾಗಿ ಕಂಡವರಲ್ಲ. ರಸ್ತೆಯ ದೀಪ ಕಿಟಕಿಯಿಂದ ಬಂದು ಅವರ ಹಾಸಿಗೆಯ ಮೇಲೆ ಇಡೀ ರಾತ್ರಿ ಬಿದ್ದಿರುತ್ತದೆ. ಕರೆಂಟು ಹೋದರೆ ಮೂರು ಮೊಬೈಲುಗಳು ಒಮ್ಮೆಲೇ ಬೆಳಗುತ್ತವೆ. ತಂಗಡಿಗೂ ಬಾವಲಿಗೂ ಹೋಲಿಕೆ ಬೇಕೆಂದರೆ ಅವರು ಅರ್ಧ ನಿಮಿಷದಲ್ಲಿ ಚಿತ್ರಸಮೇತ ತೆಗೆದು ತೋರಿಸುತ್ತಾರೆ. ಅದರಲ್ಲಿ ಮನೆಯ ಉದಾಹರಣೆ ಇರುವುದಿಲ್ಲ. ಅದು ಒಳ್ಳೆಯದೋ ಏನೋ.

ಕಳೆದ ತಿಂಗಳು ಒಂದು ಸಂಜೆ ಕರೆಂಟೂ ಹೋಯಿತು, ಮೊಬೈಲುಗಳ ಚಾರ್ಜೂ ಮುಗಿದಿತ್ತು. ಮಕ್ಕಳು ಕುಳಿತಲ್ಲೇ ಕುಳಿತರು. ಅಕ್ಕ ಎದ್ದು ಅಡುಗೆಮನೆಗೆ ಹೋಗಿ ಎಲ್ಲರಿಗೂ ನೀರು ತಂದಳು. ಮಕ್ಕಳು ನೆಲದ ಮೇಲೆ ಬಿಟ್ಟಿದ್ದ ಸೈಕಲ್ಲನ್ನು ಬಳಸಿ ಬಂದಳು.

“ದೊಡ್ಡಜ್ಜಿ ಯಾಕ ನಾಲಿಗಿ ಟಕ್ ಟಕ್ ಅನಸ್ತಾಳ?” ಎಂದು ಸಣ್ಣವಳು ನನ್ನ ಕಿವಿಯಲ್ಲಿ ಕೇಳಿದಳು. ಅವಳ ಕೈ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿತ್ತು.

ಮಕ್ಕಳು ಮಲಗಿದ ಮೇಲೆ ನಾನು ಅಕ್ಕನ ಬಳಿ ಕುಳಿತೆ. ಅವಳಿಗೆ ತಿಳಿಯದಿರಲಿ ಎಂದು ಇಷ್ಟು ವರ್ಷ ಮುಚ್ಚಿಟ್ಟಿದ್ದ ನಾಲ್ಕನೆಯ ಸಾಲನ್ನು ಬಾಯಿಬಿಟ್ಟು ಹೇಳಿದೆ. ಅವಳಿಗೆ ಅದು ಮೊದಲೇ ಗೊತ್ತಿತ್ತೋ ಇಲ್ಲವೋ, ಮುಖದಿಂದ ತಿಳಿಯಲಿಲ್ಲ. ಬಳೆಗಳನ್ನು ಮಣಿಕಟ್ಟಿನಿಂದ ಮೇಲಕ್ಕೆ ಸರಿಸುತ್ತ ಕೇಳಿಸಿಕೊಂಡಳು. ಆಮೇಲೆ ನಾನು ಕೇಳಿದೆ. ಆ ದಿನದಿಂದ ಅವಳು ನನ್ನ ಜೊತೆ ಎಲ್ಲ ಮಾತೂ ಆಡುತ್ತಾಳೆ, ಊಟ, ಮಳೆ, ಮಕ್ಕಳ ಶಾಲೆ. ಇದೊಂದಕ್ಕೆ ಮಾತ್ರ ಇನ್ನೂ ಉತ್ತರ ಹೇಳಿಲ್ಲ.

“ಅಕ್ಕಾ, ಅವತ್ತ ಗುಡಿಯೊಳಗ ಬಂದು ನನ್ನ ಕೈ ಹಿಡದಾಕಿ ನೀನ ಏನು?”